ಕಷಾಯದ ಪುಡಿಗೂ ಒಂದು ಚೀಟಿ ಬೇಕು

ಜರ್ಮನಿಯ ಔಷಧಿ ಅಂಗಡಿಯಲ್ಲಿ ಕ್ಯಾಮೊಮೈಲ್ ಹೂವಿನ ಚಹಾ ಕೊಂಡರೆ ಎಷ್ಟು ಹಾಕಬೇಕು, ಎಷ್ಟು ಹೊತ್ತು ಮುಚ್ಚಿಡಬೇಕು, ಯಾರು ಕುಡಿಯಬಾರದು ಎಂಬುದೆಲ್ಲ ಅದರ ಜೊತೆಗೇ ಅಚ್ಚಾಗಿ ಬರುತ್ತದೆ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಬಿಡಿ ಕಷಾಯದ ಪುಡಿ ಕಟ್ಟಿಸಿಕೊಂಡರೆ ಒಳಗೆ ಏನೇನು ಎಷ್ಟೆಷ್ಟಿದೆ ಅನ್ನುವುದೂ ಗೊತ್ತಾಗುವುದಿಲ್ಲ. ರುಚಿಯಲ್ಲಿ ನಮ್ಮ ಕಷಾಯವೇ ಮೇಲು. ಆದರೆ ಆ ಚೀಟಿ ನಮಗೂ ಬೇಕು.

ಮುಖ್ಯ ಕಾರಣ ಜ್ಯೇಷ್ಠಮಧು, ಕಷಾಯದ ಪುಡಿಗೆ ಸೇರಿಸುವ ಸಿಹಿ ಬೇರು. ಹವೀಜ (ಕೊತ್ತಂಬರಿ ಬೀಜ), ಜೀರಿಗೆ, ಮೆಣಸು, ಒಣಶುಂಠಿ ಅಡುಗೆಯ ಪ್ರಮಾಣದಲ್ಲಿ ಹೆಚ್ಚಿನವರಿಗೆ ಒಗ್ಗುತ್ತವೆ. ಜ್ಯೇಷ್ಠಮಧುವಿನ ಸಿಹಿ ಅದರಲ್ಲಿರುವ ಅಂಶವಾದ ಗ್ಲಿಸಿರೈಜಿನ್‌ನಿಂದ ಬರುವಂಥದ್ದು. ದಿನಾ ಹೆಚ್ಚು ಹೊಟ್ಟೆಗೆ ಹೋದರೆ ಅದು ಮೈಯಲ್ಲಿ ಉಪ್ಪು, ನೀರು ನಿಲ್ಲಿಸಿ ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಮೂತ್ರ ಹೆಚ್ಚಿಸುವ ಬಿಪಿ ಗುಳಿಗೆಗಳಲ್ಲಿ ಹಲವು ಪೊಟ್ಯಾಸಿಯಂ ಕಳೆಯುವಂಥವೇ. ಅವನ್ನು ನುಂಗುವವರಿಗೆ ಎರಡೂ ಕಡೆಯಿಂದ ಪೆಟ್ಟು. ಯುರೋಪಿನಲ್ಲಿ ಲೀಟರಿಗೆ 50 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಗ್ಲಿಸಿರೈಜಿನ್ ಇರುವ ಪಾನೀಯದ ಮೇಲೆ ಬಿಪಿ ಇದ್ದವರಿಗೆ ಎಚ್ಚರಿಕೆ ಬರೆಯಲೇಬೇಕು. ಕೆಮ್ಮಿದ್ದಾಗ ಜ್ಯೇಷ್ಠಮಧು ಹಾಕಿದ ಕಷಾಯ ನಾಲ್ಕು ದಿನ ಕುಡಿಯುವುದು ಬೇರೆ, ಚಹಾ ಬಿಟ್ಟು ವರ್ಷಪೂರ್ತಿ ಅದನ್ನೇ ಕುಡಿಯುವುದು ಬೇರೆ. ದಿನಬಳಕೆಯ ಪುಡಿಯನ್ನು ಜ್ಯೇಷ್ಠಮಧು ಇಲ್ಲದೆ ಮನೆಯಲ್ಲೇ ಮಾಡಿಕೊಳ್ಳಿ: ನಾಲ್ಕು ಚಮಚ ಹವೀಜ, ಎರಡು ಚಮಚ ಜೀರಿಗೆ, ಅರ್ಧರ್ಧ ಚಮಚ ಮೆಣಸು ಮತ್ತು ಶುಂಠಿಪುಡಿ. ಹವೀಜ, ಜೀರಿಗೆ, ಮೆಣಸನ್ನು ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ಆರಿದ ಮೇಲೆಯೇ ಪುಡಿ ಮಾಡಿ ಶುಂಠಿ ಕೂಡಿಸಿ; ಬಿಸಿ ಇದ್ದಾಗ ಡಬ್ಬಿ ಮುಚ್ಚಿದರೆ ಬೆವರಿ ಬೂಸ್ಟು ಹಿಡಿಯುತ್ತದೆ. ಹಾಲು ಹಾಕಿ ಕಷಾಯ ಮಾಡುವಾಗ ಬೆಲ್ಲವನ್ನು ಒಲೆಯಿಂದ ಇಳಿಸಿದ ಮೇಲೆ ಹಾಕಿ, ಕುದಿಯುವಾಗ ಹಾಕಿದರೆ ಹಾಲು ಒಡೆಯುತ್ತದೆ.

ಕುದಿಸುವ ವಿಚಾರದಲ್ಲೂ ಜರ್ಮನ್ನರ ರೀತಿ ಸರಿ. ಬೇರು, ತೊಗಟೆಗೆ ಕುದಿ ಬೇಕು; ಎಲೆ, ಹೂವನ್ನು ಬಿಸಿನೀರಲ್ಲಿ ಮುಚ್ಚಿಟ್ಟರೆ ಸಾಕು. ತುಳಸಿ, ಪುದೀನಾದಂಥ ಎಲೆಗಳನ್ನು ನಾವು ಶುಂಠಿಯ ಜೊತೆಗೇ ಹಾಕಿ ಹದಿನೈದು ನಿಮಿಷ ಕುದಿಸುತ್ತೇವೆ. ಮನೆಯೆಲ್ಲ ಘಮಘಮ ಅಂದರೆ ಲೋಟಕ್ಕೆ ಬರಬೇಕಾದ ಎಲೆಯ ಪರಿಮಳದ ಎಣ್ಣೆ ಗಾಳಿಗೆ ಹೋಯಿತೆಂದೇ ಅರ್ಥ. ಶುಂಠಿ ಕುದಿಸಿ ಒಲೆ ಆರಿಸಿ, ಆಮೇಲೆ ಎಲೆ ಹಾಕಿ ಐದರಿಂದ ಹತ್ತು ನಿಮಿಷ ಮುಚ್ಚಿಡಿ.

ಹಾಗಂತ ಅಲ್ಲಿಯದೆಲ್ಲ ನಮಗೆ ಒಗ್ಗಬೇಕೆಂದಿಲ್ಲ. ಕ್ಯಾಮೊಮೈಲ್ ನಮ್ಮ ಹೊಲದ ಬದುವಿನ ಕಾಂಗ್ರೆಸ್ ಕಸದ ಕುಟುಂಬದ್ದೇ. ಆ ಕಸದಿಂದ ತುರಿಕೆ, ಸೀನು ಬರುವವರಿಗೆ ಈ ಚಹಾದಿಂದಲೂ ಬರಬಹುದು. ತೂಕ ಇಳಿಸುವ ಚಹಾ ಎಂದು ಮಾರುವುದರಲ್ಲಿ ಸೋನಾಮುಖಿ ಇದೆಯೇ ನೋಡಿ; ಅದು ಭೇದಿಯ ಎಲೆ, ಇಳಿಯುವುದು ನೀರಿನ ತೂಕ, ಕೊಬ್ಬಲ್ಲ. ವಾರದ ಮೇಲೆ ಅದನ್ನು ಕುಡಿಯಬೇಕೆಂದರೆ ವೈದ್ಯರನ್ನು ಕೇಳಿ. ಬಸುರಿಯರು ಜ್ಯೇಷ್ಠಮಧು, ಸೋನಾಮುಖಿ ಎರಡನ್ನೂ ಬಿಡುವುದು ಒಳ್ಳೆಯದು.