ಸತ್ಯಾಂಶ: ಕಸದ ಗುಡ್ಡದಿಂದ ನೇರ ಒಲೆಗೆ ಗ್ಯಾಸ್ ಬರುತ್ತಾ?

"ಕಲಬುರಗಿಯ ಕಸದ ಗುಡ್ಡಕ್ಕೆ ಪೈಪ್ ಚುಚ್ಚಿದರೆ ಸಾಕು, ಮನೆಮನೆಗೂ ಪುಕ್ಕಟೆ ಗ್ಯಾಸ್" ಅನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು.

ಅರ್ಧ ನಿಜ. ಹಸಿ ಕಸ ಗಾಳಿಯಾಡದೆ ಕೊಳೆತರೆ ಗ್ಯಾಸ್ ಹುಟ್ಟುತ್ತದೆ. ಆದರೆ ಅದರಲ್ಲಿ ಉರಿಯುವ ಮೀಥೇನ್ ಸುಮಾರು ಅರ್ಧ ಮಾತ್ರ. ಉಳಿದದ್ದು ಹೆಚ್ಚಾಗಿ ಕಾರ್ಬನ್ ಡೈಆಕ್ಸೈಡ್. ಜೊತೆಗೆ ನೀರಾವಿ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್. ಇದು ವಿಷ, ಪೈಪನ್ನೂ ತಿನ್ನುತ್ತದೆ. ಇನ್ನೊಂದು ತರಲೆ ಸಿಲಾಕ್ಸೇನ್. ಶಾಂಪೂ, ಕ್ರೀಮುಗಳಿಂದ ಬರುವ ಇದು ಉರಿದಾಗ ಮರಳಿನಂಥ ಪುಡಿಯಾಗಿ ಬರ್ನರ್‌ಗೆ ಅಂಟುತ್ತದೆ. ಇದನ್ನೆಲ್ಲ ತೆಗೆದು, ಮೀಥೇನ್ ಶೇ 90ಕ್ಕಿಂತ ಜಾಸ್ತಿಯಾದ ಮೇಲೇ ಪೈಪ್‌ಲೈನ್‌ಗೆ ಬಿಡುವುದು.

ಅಮೆರಿಕದಲ್ಲಿ ಹೀಗೆ ಮಾಡುತ್ತಾರೆ. ಆದರೆ ಅಲ್ಲಿ ಗುಡ್ಡವನ್ನು ಮುಚ್ಚಿ, ಗ್ಯಾಸ್ ಎಳೆಯಲು ಬಾವಿ ಕೊರೆದಿರುತ್ತಾರೆ. ಬಯಲಲ್ಲಿ ಸುರಿದ ಕಸದ ಗ್ಯಾಸ್ ಸುಮ್ನೆ ಗಾಳಿ ಪಾಲು, ಅಲ್ವಾ? ನಮಗೆ ಹಸಿ ಕಸವನ್ನು ಬೇರೆ ಮಾಡಿ ಮುಚ್ಚಿದ ಟ್ಯಾಂಕಿನಲ್ಲಿ ಕೊಳೆಸುವುದೇ ಸುಲಭ. ಪುಕ್ಕಟೆಯಂತೂ ಅದೂ ಅಲ್ಲ.