ಮೂಲೆ ರೂಮಿಗೆ ಬಾರದ ವೈಫೈ

ದೇವರಕೋಣೆ ಎಲ್ಲಿರಬೇಕು, ಒಲೆ ಯಾವ ದಿಕ್ಕಿಗಿರಬೇಕು ಅಂತ ಹೇಳಲು ವಾಸ್ತುವಿನವರಿದ್ದಾರೆ. ವೈಫೈ ರೂಟರ್ ಎಲ್ಲಿರಬೇಕು ಅನ್ನುವುದನ್ನು ಮಾತ್ರ ಕೇಬಲ್ ಎಳೆಯಲು ಬಂದ ಹುಡುಗ ತೀರ್ಮಾನಿಸುತ್ತಾನೆ. ಕಂಬದಿಂದ ವೈರು ಎಲ್ಲಿ ಸುಲಭವಾಗಿ ಒಳಗೆ ನುಗ್ಗುತ್ತದೋ, ಪ್ಲಗ್ ಪಾಯಿಂಟ್ ಎಲ್ಲಿ ಹತ್ತಿರವೋ, ಅಲ್ಲಿ ಡ್ರಿಲ್ ಇಟ್ಟು ತೂತು ಕೊರೆಯುತ್ತಾನೆ. ರೂಟರ್ ನೇತುಹಾಕಿ, ನಮ್ಮನ್ನು ಅದರ ಪಕ್ಕದಲ್ಲೇ ನಿಲ್ಲಿಸಿಕೊಂಡು ಸ್ಪೀಡ್ ಟೆಸ್ಟ್ ತೋರಿಸುತ್ತಾನೆ. "ಸೂಪರ್ ಬರ್ತಿದೆ ಸಾರ್" ಅನ್ನುತ್ತಾನೆ. ಬರದೇ ಏನು! ಅವನ ತಪ್ಪೂ ಇಲ್ಲ ಬಿಡಿ, ಅವನಿಗೆ ಸಂಜೆಯೊಳಗೆ ಇನ್ನೂ ನಾಲ್ಕಾರು ಮನೆ ಮುಗಿಸಬೇಕು.

ನಮ್ಮದು ಬೆಂಗಳೂರಿನ 30×40 ಅಡಿ ಸೈಟಿನ ಮನೆ. ರೂಟರ್ ಇದ್ದದ್ದು ಹಾಲಿನಲ್ಲಿ, ರಸ್ತೆ ಕಡೆಯ ಕಿಟಕಿಯ ಪಕ್ಕ. ಮಗಳು ಆಫೀಸು ಕೆಲಸ ಮಾಡುವುದು ಹಿಂದಿನ ಮೂಲೆ ರೂಮಿನಲ್ಲಿ. ಅಲ್ಲಿ ಮೀಟಿಂಗ್ ನಡುವೆ ಅವಳ ಮುಖ ಅರ್ಧ ಬಾಯಿ ತೆರೆದಂತೆಯೇ ನಿಂತುಬಿಡುತ್ತಿತ್ತಂತೆ. ಇದಕ್ಕೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಕಾರಣ. ಅಮ್ಮನ ಪ್ರಕಾರ ಮೋಡ. ಹೆಂಡತಿಯ ಪ್ರಕಾರ ನಾನು ಹಾಕಿಸಿದ ಅಗ್ಗದ ಪ್ಲಾನು. ಕಸ್ಟಮರ್ ಕೇರ್‌ನವರಿಗೆ ಕಾರಣದ ಗೊಡವೆಯೇ ಇಲ್ಲ, ಅವರದು ಒಂದೇ ಮದ್ದು: "ಒಂದ್ಸಲ ರೀಸ್ಟಾರ್ಟ್ ಮಾಡಿ ಸಾರ್."

ಜಗಳ ಬಗೆಹರಿಸುವುದು ಕಷ್ಟವೇನಲ್ಲ. ಲ್ಯಾಪ್‌ಟಾಪನ್ನು ರೂಟರ್‌ಗೆ ಲ್ಯಾನ್ ಕೇಬಲ್ಲಿನಿಂದ ನೇರ ಜೋಡಿಸಿ ನೋಡಬೇಕು. ಆಗಲೂ ನಿಧಾನವಾದರೆ ಹೊರಗಿನ ಲೈನಿನ ತೊಂದರೆ. ಅಲ್ಲಿ ಜೋರಾಗಿದ್ದು ರೂಮಿನಲ್ಲಿ ತೆವಳಿದರೆ, ಕಳ್ಳ ಮನೆಯೊಳಗೇ ಇದ್ದಾನೆ. ನಮ್ಮಲ್ಲಿ ಜೋರಾಗಿಯೇ ಇತ್ತು. ದೊಡ್ಡ ಪ್ಲಾನಿನ ದುಡ್ಡು ಉಳಿಯಿತು, ನನ್ನ ಮರ್ಯಾದೆಯೂ ಸ್ವಲ್ಪ ಉಳಿಯಿತು.

ಆಮೇಲೆ ಸಿಗ್ನಲ್ ಅಳೆಯುವ ಆ್ಯಪ್ ಹಾಕಿಕೊಂಡು ಮನೆ ಸುತ್ತಲು ಶುರುಮಾಡಿದೆ. ಇದರ ಲೆಕ್ಕ ಡಿಬಿಎಂ ಅನ್ನುವ ಅಳತೆಯಲ್ಲಿ, ಅದೂ ಮೈನಸ್‌ನಲ್ಲಿ. ಮೈನಸ್ 50 ಅಂದರೆ ಭರ್ಜರಿ. ಮೈನಸ್ 70ರವರೆಗೆ ಹೇಗೋ ಸಂಸಾರ ನಡೆಯುತ್ತದೆ. ಮೈನಸ್ 80 ಅಂದರೆ ದೇವರೇ ಗತಿ. ನೋಡಲು 50ಕ್ಕೂ 80ಕ್ಕೂ ಅಂಥ ವ್ಯತ್ಯಾಸ ಕಾಣುವುದಿಲ್ಲ, ಅಲ್ವಾ? ಆದರೆ ಹತ್ತು ಇಳಿದಾಗಲೆಲ್ಲ ಶಕ್ತಿ ಹತ್ತರಲ್ಲಿ ಒಂದು ಪಾಲಾಗುತ್ತದೆ. ಮೂವತ್ತು ಇಳಿದರೆ ಸಾವಿರದಲ್ಲಿ ಒಂದು ಪಾಲು. ಸಾಮಾನ್ಯವಾಗಿ ಮನೆಯ ರೂಟರ್ ಹೊರಡಿಸುವುದೇ ಒಂದು ವಾಟ್‌ನ ಹತ್ತನೇ ಒಂದು ಭಾಗದ ಆಸುಪಾಸು. ಬಚ್ಚಲಿನ ಎಲ್‌ಇಡಿ ಬಲ್ಬು ಕೂಡ ಇದಕ್ಕಿಂತ ಎಷ್ಟೋ ಪಾಲು ಜಾಸ್ತಿ ಕರೆಂಟು ತಿನ್ನುತ್ತದೆ.

ಹಾಗೆ ಫೋನ್ ಹಿಡಿದು ನಡೆಯುತ್ತಾ ಹೋದರೆ, ನಾವೇ ಕಟ್ಟಿಸಿದ ಮನೆ ಬೇರೆಯೇ ಆಗಿ ಕಾಣುತ್ತದೆ. ಹಾಲಿಗೂ ಊಟದ ಮನೆಗೂ ನಡುವಿನ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಪಾಪದ್ದು, ಸಿಗ್ನಲ್ಲನ್ನು ಹೆಚ್ಚೇನೂ ತಡೆಯುವುದಿಲ್ಲ. ಕಬ್ಬಿಣ ತುಂಬಿದ ಪಿಲ್ಲರ್ ಹಿಂದೆ ಹೋದರೆ ಧುತ್ತಂತ ಇಳಿಯುತ್ತದೆ. ಬಚ್ಚಲ ಗೋಡೆಯಲ್ಲಿ ಟೈಲ್ಸು, ನೀರಿನ ಪೈಪು, ಮೇಲೆ ಗೀಸರ್. ಅಲ್ಲಿಂದ ಮುಂದೆ ಮೂಲೆ ರೂಮು. ಅದರ ಗೋಡೆಗೆ ಒರಗಿಸಿಟ್ಟಿರುವುದು ಅಮ್ಮನ ಕಬ್ಬಿಣದ ಬೀರು. ಮದುವೆಯಲ್ಲಿ ತವರಿನವರು ಕೊಟ್ಟದ್ದು. ಒಳಗೆ ರೇಷ್ಮೆ ಸೀರೆ, ನುಸಿಗುಳಿಗೆ, ಹಳೇ ಪಾಸ್‌ಬುಕ್ಕು. ಬಾಗಿಲಿಗೆ ಆಳೆತ್ತರದ ಕನ್ನಡಿ. ಕನ್ನಡಿಯ ಬೆನ್ನಿಗೂ ಲೋಹದ ಲೇಪವೇ. ಹಾಲಿನಿಂದ ಹೊರಟು ಹೇಗೋ ಇಲ್ಲಿವರೆಗೆ ಬಂದ ಅಲೆ ಅಲ್ಲಿ ಬೀರಿಗೆ ಹಣೆ ಚಚ್ಚಿಕೊಂಡು ವಾಪಸ್ಸು. ಬೀರನ್ನು ಜರುಗಿಸೋಣವೇ ಅಂದೆ. "ನೀನು ಹುಟ್ಟೋಕ್ ಮುಂಚಿಂದ ಇದೆ ಕಣೋ ಅದು" ಅಂದರು ಅಮ್ಮ. ಅಲ್ಲಿಗೆ ಆ ಮಾತು ಮುಗಿಯಿತು.

1895ರಲ್ಲಿ ಜಗದೀಶ್ ಚಂದ್ರ ಬೋಸರು ಕಲ್ಕತ್ತೆಯ ಟೌನ್ ಹಾಲಿನಲ್ಲಿ ಇಂಥದೇ ಕಣ್ಣಿಗೆ ಕಾಣದ ಅಲೆಗಳನ್ನು ಗೋಡೆ ದಾಟಿಸಿ, ದೂರದಲ್ಲಿಟ್ಟ ಗಂಟೆ ಬಾರಿಸಿದ್ದರು, ಸಿಡಿಮದ್ದು ಹೊತ್ತಿಸಿದ್ದರು. ಅವರ ದಾರಿಯಲ್ಲಿ ಯಾರ ತವರಿನ ಬೀರೂ ಇರಲಿಲ್ಲ ಅಂತ ಕಾಣುತ್ತದೆ.

ಅಡುಗೆಮನೆಯ ಮೈಕ್ರೋವೇವ್ ಇನ್ನೊಬ್ಬ ಆರೋಪಿ. ಅದು ಅನ್ನ ಬಿಸಿ ಮಾಡುವುದು 2.45 ಗಿಗಾಹರ್ಟ್ಸ್ ಅಲೆಯಿಂದ. ವೈಫೈ ಓಡಾಡುವ ಒಂದು ದಾರಿಯೂ ಅದೇ 2.4ರದ್ದು. ಓವನ್ ಬಾಗಿಲ ಸಂದಿಯಿಂದ ಸೋರುವ ಚೂರುಪಾರು ಅಲೆ ನಮಗೆ ಏನೂ ಮಾಡದಿದ್ದರೂ, ಬಡ ವೈಫೈಗೆ ಅದೇ ಗಲಾಟೆ. ಸುಮ್ನೆ 5 ಗಿಗಾಹರ್ಟ್ಸ್‌ಗೆ ಹೋಗಬಾರದೇ ಅನ್ನಬಹುದು. ಅದರಲ್ಲಿ ವೇಗ ಜಾಸ್ತಿ ನಿಜ, ಆದರೆ ಗೋಡೆ ಕಂಡರೆ ಬೇಗ ಸುಸ್ತು. 2.4ರಲ್ಲಿ ನಮ್ಮ ದೇಶದಲ್ಲಿ 13 ಚಾನೆಲ್ಲುಗಳಿವೆ, ಅಂದರೆ ಆ ದಾರಿಯೊಳಗಿನ ಓಣಿಗಳು. ಒಂದರ ಮೇಲೊಂದು ಬೀಳದ ಹಾಗೆ ಆರಿಸಿದರೆ ಉಳಿಯುವುದು 1, 6, 11 ಮೂರೇ. ನಮ್ಮ ಬೀದಿಯ ಎಲ್ಲರ ರೂಟರೂ ಆ ಮೂರರಲ್ಲೇ ನೂಕಾಡುತ್ತಿವೆ.

ರೂಟರ್‌ನ ಆಂಟೆನಾ ಕಡ್ಡಿಗಳ ಬಗ್ಗೆಯೂ ಒಂದು ಮಾತು. ಕಡ್ಡಿಯ ತುದಿ ರೂಮಿನ ಕಡೆ ತೋರಿಸಿದರೆ ಸಿಗ್ನಲ್ ಅತ್ತ ಹಾರುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ನಿಜವಾಗಿ ಅದು ಹರಡುವುದು ಉದ್ದಿನ ವಡೆಯ ಆಕಾರದಲ್ಲಿ. ಕಡ್ಡಿ ವಡೆಯ ತೂತಿನಲ್ಲಿ ನಿಂತಿರುತ್ತದೆ, ಸಿಗ್ನಲ್ ಸುತ್ತ ಇರುತ್ತದೆ. ತುದಿಯ ನೇರಕ್ಕೆ ಇರುವುದು ತೂತು ಮಾತ್ರ. ಒಂದೇ ಅಂತಸ್ತಿನ ಮನೆಗೆ ಕಡ್ಡಿ ನೆಟ್ಟಗೆ ನಿಲ್ಲಿಸಿದರೆ ಸಾಕು. ಇನ್ನು, ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ರಿಪೀಟರ್ ತರುವವರು ಅದನ್ನು ಸಿಗ್ನಲ್ ಸತ್ತ ರೂಮಿನಲ್ಲೇ ಇಡುತ್ತಾರೆ. ಅದಕ್ಕೇ ಕೇಳಿಸದ್ದನ್ನು ಅದು ಮತ್ತೆ ಹೇಳುವುದಾದರೂ ಹೇಗೆ? ಅರ್ಧ ದಾರಿಯಲ್ಲಿ ಇಡಬೇಕು.

ಕೊನೆಗೆ ಉದ್ದದ ಕೇಬಲ್ ತಂದು, ರೂಟರನ್ನು ಮನೆಯ ನಡುವಿನ ಪ್ಯಾಸೇಜಿನ ಸಜ್ಜೆ ಮೇಲೆ ಏರಿಸಿದೆ. ಎತ್ತರ, ಸುತ್ತ ಖಾಲಿ, ಪಕ್ಕದಲ್ಲಿ ಪಿಲ್ಲರ್ ಇಲ್ಲ. ಅಲ್ಲಿಂದ ಹೊರಟ ಸಿಗ್ನಲ್ ಬೀರಿನ ಗೊಡವೆಗೇ ಹೋಗದೆ ರೂಮಿನ ಬಾಗಿಲಿನಿಂದ ಒಳಗೆ ಹೋಗುತ್ತದೆ. ಮನೆಯ ಮಧ್ಯ ಬ್ರಹ್ಮಸ್ಥಾನ, ಅಲ್ಲಿ ಏನೂ ಇಡಬಾರದು ಅಂತ ಅಮ್ಮ ತಕರಾರು ತೆಗೆದರು. ರೂಟರ್ ನೆಲ ಮುಟ್ಟಿಲ್ಲ, ಸಜ್ಜೆ ಮೇಲಿದೆ ಅಂತ ಸಮಾಧಾನ ಹೇಳಿದೆ. ಮೂಲೆ ರೂಮಿನಲ್ಲಿ ಈಗ ಮೈನಸ್ 62. ಮಗಳು ಮೀಟಿಂಗಿನಲ್ಲಿ ಪೂರ್ತಿ ಬಾಯಿ ತೆರೆದು ಮಾತಾಡುತ್ತಾಳೆ.

ಬದಲಾಗಿ ಗೇಟಿನ ಆಚೆ ಸಿಗ್ನಲ್ ಬಿದ್ದುಹೋಯಿತು. ಬೀಳಲಿ, ಅಲ್ಲಿನ ಹೊಂಗೆ ಮರಕ್ಕೆ ಇಂಟರ್‌ನೆಟ್ಟು ಯಾಕೆ ಅಂದುಕೊಂಡೆ. 2020ರ ಲಾಕ್‌ಡೌನಿನಲ್ಲಿ ಎದುರು ಮನೆ ಮೇಷ್ಟ್ರ ಮೊಮ್ಮಗನ ಆನ್‌ಲೈನ್ ಪಾಠಕ್ಕೆ ಅಂತ ಅಮ್ಮ ಪಾಸ್‌ವರ್ಡು ಕೊಟ್ಟಿದ್ದು ನನಗೆ ಗೊತ್ತಾದದ್ದು ರೂಟರ್ ಜಾಗ ಬದಲಿಸಿದ ಮಾರನೇ ದಿನ ಬೆಳಿಗ್ಗೆ. ಮೊಮ್ಮಗ ಓದು ಮುಗಿಸಿ ಊರು ಬಿಟ್ಟಿದ್ದಾನೆ. ಅವನ ಹಳೇ ಫೋನು ಮೇಷ್ಟ್ರ ಕೈಯಲ್ಲಿತ್ತು.

"ಏನಪ್ಪಾ, ನಿನ್ನೆಯಿಂದ ನಿಮ್ಮ ಇಂಟರ್‌ನೆಟ್ಟು ಸರಿ ಇಲ್ವಲ್ಲ" ಅಂದರು, ಗೇಟಿಗೆ ಒರಗಿ, ತುಂಬ ಕಾಳಜಿಯಿಂದ. "ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡು."