ಸ್ಟಾಕ್ ಪಾಲಿ ಸಣ್ಣ ಬೆಟ್ಟ ಅನ್ನುವವರಿಗೆ

"ಮನ್ರೋ ಅಲ್ವಲ್ಲ, ಅದಕ್ಕೆ ಅಷ್ಟು ದೂರ ಯಾಕೆ ಹೋದ್ರಿ?" ಸ್ಕಾಟ್ಲೆಂಡಿನ ಸ್ಟಾಕ್ ಪಾಲಿ ಬೆಟ್ಟದಲ್ಲಿ ತೆಗೆದ ನನ್ನ ಫೋಟೊ ನೋಡಿ ಗೆಳೆಯರೊಬ್ಬರು ಕೇಳಿದರು. ಆ ಮಾತು ಇನ್ನೂ ಕೊರೆಯುತ್ತಿದೆ.

ಸ್ಕಾಟ್ಲೆಂಡಿನಲ್ಲಿ 3000 ಅಡಿ (ಸುಮಾರು 914 ಮೀಟರ್) ದಾಟಿದ ದೊಡ್ಡ ಬೆಟ್ಟಗಳಿಗೆ ಮನ್ರೋ ಅನ್ನುತ್ತಾರೆ. 1891ರಲ್ಲಿ ಹ್ಯೂ ಮನ್ರೋ ಅವರು ಪಟ್ಟಿ ಮಾಡಿದರು. ಈಗ ಅದರಲ್ಲಿ 282 ಬೆಟ್ಟಗಳಿವೆ. ಒಂದೊಂದನ್ನೇ ಹತ್ತಿ ಟಿಕ್ ಹಾಕಿಕೊಳ್ಳುವವರ ಹಟ ನನಗೆ ಇಷ್ಟ. ಆದರೆ ಪಟ್ಟಿಯಲ್ಲಿಲ್ಲದ ಬೆಟ್ಟ ಹತ್ತಿದ್ದು ವ್ಯರ್ಥ ಅನ್ನುವುದನ್ನು ಒಪ್ಪಲಾರೆ.

ಸ್ಟಾಕ್ ಪಾಲಿ ಬರೀ 612 ಮೀಟರ್. ನಮ್ಮ ಕುದುರೆಮುಖದ ಮೂರನೇ ಒಂದು ಪಾಲು ಅಷ್ಟೇ. ಸ್ಕಾಟ್ಲೆಂಡಿನ ಗುಡ್ಡಗಾಡು ಸೀಮೆಯಾದ ಹೈಲ್ಯಾಂಡ್ಸ್‌ನ ಪಶ್ಚಿಮ ಕರಾವಳಿಯಲ್ಲಿ, ಉಲ್ಲಾಪೂಲ್ ಊರಿನಿಂದ ಉತ್ತರಕ್ಕಿದೆ. ರಸ್ತೆಯಿಂದ ನೋಡಿದರೆ ಪಾಳುಬಿದ್ದ ಕೋಟೆಯ ಹಾಗೆ ಕಾಣುತ್ತದೆ. ಬೆಟ್ಟ ಬಳಸಿಕೊಂಡು ಹಿಂದಿನಿಂದ ಹತ್ತಿದರೆ ನೆತ್ತಿಯ ಕಿರಿದಾದ ಸಾಲಿನ ಮೇಲೆ ಬರುತ್ತೀರಿ. ಒಂದು ಕಡೆ ಕಡಲು, ಸಮ್ಮರ್ ಐಲ್ಸ್ ದ್ವೀಪಗಳು. ಇನ್ನೊಂದು ಕಡೆ ಕಣ್ಣು ಹಾಯುವಷ್ಟು ದೂರ ನೀರು, ಬಂಡೆ, ಅದರ ನಡುವೆ ಒಂಟಿಯಾಗಿ ನಿಂತ ಸೂಲ್ವೆನ್ ಬೆಟ್ಟ.

ಅಲ್ಲಿಂದ ನಿಜವಾದ ತುದಿ ಪಶ್ಚಿಮಕ್ಕಿದೆ. ಅದಕ್ಕೆ ಸ್ವಲ್ಪ ಮುಂಚೆ ದಾರಿಗೆ ಅಡ್ಡವಾಗಿ ಒಂದು ಬಂಡೆ. ಕೈಯೂರಿ ಹತ್ತಲೇಬೇಕು, ಪಕ್ಕದಲ್ಲಿ ಬರೀ ಗಾಳಿ. ನಾನು ಬಂಡೆ ತಬ್ಬಿ ನಿಂತೆ. ಮುಖದ ಮುಂದೆಯೇ ಕಲ್ಲಿನೊಳಗೆ ಕಡಲೆಕಾಳಿನಷ್ಟು ದಪ್ಪದ ಗುಂಡನೆಯ ಬೆಣಚು ಹರಳುಗಳು. ಸುಮಾರು 100 ಕೋಟಿ ವರ್ಷಗಳ ಹಿಂದೆ ನದಿಗಳು ಉರುಳಿಸಿ ತಂದು ಹಾಕಿದ ಹರಳುಗಳವು. ಅಂಗೈ ತೆಗೆದರೆ ಕೆಂಪು ಮರಳು ಅಂಟಿತ್ತು. ಬಲಗಾಲಿಗೆ ಹಿಡಿತ ಸಿಗಲಿಲ್ಲ. ಬಂಡೆ ಒದ್ದೆಯಾಗಿತ್ತು. ವಾಪಸ್ ಇಳಿದೆ.

ಈ ಮರಳುಗಲ್ಲಿನ ಅಡಿಯಲ್ಲಿರುವುದು ನೈಸ್ (gneiss), ಅಂದರೆ ನೆಲದಾಳದ ಕಾವು, ಒತ್ತಡದಲ್ಲಿ ರೂಪ ಬದಲಿಸಿದ ಶಿಲೆ. ಅದು ಕೆಲವು ಕಡೆ 300 ಕೋಟಿ ವರ್ಷದಷ್ಟು ಹಳೆಯದು. ನಮ್ಮ ಲಾಲ್‌ಬಾಗ್ ಬಂಡೆಯೂ ನೈಸ್, ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಚಿಕ್ಕವಳಿದ್ದಾಗ ಅದರ ಮೇಲೆ ಕೂತು ಪುರಿ ತಿಂದಿದ್ದೇನೆ. ಇಳಿಯುವಾಗ ಪೂರ್ತಿ ಅದೇ ತಲೆಯಲ್ಲಿತ್ತು. ಇದಕ್ಕೆ ಯಾವ ಪಟ್ಟಿಯಲ್ಲಿ ಟಿಕ್ ಹಾಕಲಿ ಹೇಳಿ?

ಹೋಗುವವರಿಗೆ ಒಂದು ಮಾತು. ರಸ್ತೆಯಿಂದ ನೇರವಾಗಿ ದಕ್ಷಿಣದ ಇಳಿಜಾರು ಹತ್ತಬೇಡಿ. ಹಿಂದೆ ಎಲ್ಲರೂ ಹಾಗೇ ಹತ್ತಿ ಮಣ್ಣು ಕಿತ್ತು ಬೆಟ್ಟಕ್ಕೆ ಗಾಯವಾಗಿತ್ತು. ಅದಕ್ಕೇ ಈಗ ಕಲ್ಲು ಹಾಸಿ ಸುತ್ತು ದಾರಿ ಮಾಡಿದ್ದಾರೆ. ಸ್ವಲ್ಪ ಜಾಸ್ತಿ ನಡೆಯಬೇಕು, ನಡೆಯಿರಿ.

ಮೇ ಶುರುವಿನಲ್ಲಿ, ಕಚ್ಚುವ ಮಿಡ್ಜ್ ಹುಳಗಳ ಕಾಟ ಶುರುವಾಗುವ ಮೊದಲು, ನಾನು ಮತ್ತೆ ಹೋಗುತ್ತೇನೆ. ಬಂಡೆ ಒಣಗಿರಬೇಕು ಅಷ್ಟೇ. ಕಾರಿನಲ್ಲಿ ಇಬ್ಬರಿಗೆ ಜಾಗ ಇದೆ.